ಚೌಕಟ್ಟಿನಿಂದ ಹೊರಗುಳಿದವರು: ಕಾಫಿನಾಡಿನ ಛಾಯಾಚಿತ್ರ ಮತ್ತು ತೇಜಸ್ವಿ

ಜನಸಮುದಾಯವೊಂದರ ಸಹನಶಕ್ತಿ ಹಾಗೂ ಸ್ವಾಭಿಮಾನಗಳನ್ನು ಛಾಯಾಚಿತ್ರವು ಹಿಡಿಯಬಲ್ಲುದೆ ಎಂಬ ಚರ್ಚೆಯಲ್ಲಿ ಕ್ಯೂಬಾದ ಉದಾಹರಣೆ ಮೊದಲು ನೆನಪಾಗುತ್ತದೆ. ಹವಾನಾ ಬಂದರಿನಲ್ಲಿ ಹಡಗೊಂದು ಸ್ಫೋಟಿಸಿದ ಮರುದಿನ, 1960ರ ಮಾರ್ಚ್ 5ರಂದು, ಮೃತರಿಗಾಗಿ ನಡೆದ ಶೋಕಸಭೆಯಲ್ಲಿ ಆಲ್ಬರ್ಟೊ ಕೋರ್ಡಾ ತೆಗೆದ ಚೆ ಗೆವಾರನ ಚಿತ್ರ ಜಗತ್ಪ್ರಸಿದ್ಧವಾದುದು. ಮೂಲದಲ್ಲಿ ಪಕ್ಕಕ್ಕೊಬ್ಬ ಮನುಷ್ಯನ ಮುಖವೂ ಮರದ ಗರಿಗಳೂ ಇದ್ದವು. ಅವನ್ನು ಕತ್ತರಿಸಿದ ಮೇಲೆ ಉಳಿದುದು ಒಂದು ಮುಖ ಮಾತ್ರ. ಸತ್ತವರಿಗಾಗಿ ನೆರೆದಿದ್ದ ಜನರ ದುಃಖ ಹೀಗೆ ಲಾಂಛನವಾಯಿತು. ಜನ ಚೌಕಟ್ಟಿನಿಂದ ಹೊರಗುಳಿದರು.

ಕ್ಯೂಬಾದ ಆಗ್ನೇಯ ಭಾಗದ ಹಳೆಯ ಕಾಫಿ ತೋಟಗಳ ಅವಶೇಷಗಳನ್ನು ಯುನೆಸ್ಕೊ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅವು ಗುಲಾಮರ ದುಡಿಮೆಯಿಂದ ಎದ್ದ ತೋಟಗಳು. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಚರಿತ್ರೆ ಬೇರೆ. ಆದರೂ ದುಡಿಯುವವರನ್ನು ಕಾಣುವ ಬಗೆಯ ಪ್ರಶ್ನೆ ಇಲ್ಲಿಯೂ ಇದೆ. ಪ್ರವಾಸಿ ಕೈಪಿಡಿಗಳ ಕಾಫಿನಾಡೆಂದರೆ ಮಂಜು, ಬಿಳಿ ಹೂವು, ಹಣ್ಣು ಕೊಯ್ಯುವ ಹೆಣ್ಣಾಳಿನ ನಗು. ಅವಳಿಗೆ ಹೆಸರಿಲ್ಲ, ಅವಳು ಸಂಜೆ ಮರಳುವ ಕೂಲಿ ಲೈನಿನ ಮನೆ ಚಿತ್ರದೊಳಗೆ ಬರುವುದಿಲ್ಲ.

ಈ ಹಿನ್ನೆಲೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರ (1938–2007) ನಿಲುವು ವಿಚಾರಾರ್ಹ. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡಿದ್ದ ಅವರು ಕ್ಯಾಮೆರಾವನ್ನು ಬಹುಮಟ್ಟಿಗೆ ಹಕ್ಕಿಗಳಿಗೆ ಮೀಸಲಿಟ್ಟರು. ಮನುಷ್ಯರನ್ನು ಲೇಖನಿಗೆ ಬಿಟ್ಟರು. ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಡುವ ತಂಡದಲ್ಲಿ ಛಾಯಾಗ್ರಾಹಕ ಪ್ರಭಾಕರನೂ ಇದ್ದಾನೆ. ಅವನ ಮಸೂರದ ಗುರಿ ಓತಿ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನಾದ ಮಂದಣ್ಣನಲ್ಲಿ ನಿಸರ್ಗ ಶಾಸ್ತ್ರಜ್ಞನನ್ನು ಗುರುತಿಸುವುದು ಕರ್ವಾಲೊ ಅವರ ಬರಿಗಣ್ಣು. ಮಂದಣ್ಣನ ಘನತೆ ಅವನ ಕಷ್ಟದಿಂದಲ್ಲ, ಅವನ ತಿಳಿವಳಿಕೆಯಿಂದ ಸಿದ್ಧವಾಗುತ್ತದೆ ಎಂಬುದು ಇಲ್ಲಿ ಮುಖ್ಯ. ಸಂಕಟವನ್ನೇ ಸಹನೆಯೆಂದು ಕೊಂಡಾಡುವ ಛಾಯಾಚಿತ್ರಗಳಿಗೆ ಈ ವಿವೇಕ ದುರ್ಲಭ.

ಹಾಗೆಂದು ತೇಜಸ್ವಿಯವರ ಆಯ್ಕೆಯನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಹಕ್ಕಿಯೊಂದರ ಚಲನವಲನಕ್ಕಾಗಿ ತಾಸುಗಟ್ಟಲೆ ಕಾಯುವ ತಾಳ್ಮೆ ಬುಟ್ಟಿ ಹೊತ್ತ ಆಳಿನತ್ತಲೂ ತಿರುಗಿದ್ದರೆ ಕಾಫಿನಾಡಿಗೆ ಬೇರೊಂದು ದೃಶ್ಯದಾಖಲೆ ದೊರೆಯುತ್ತಿತ್ತು. (ಕಾಯುವುದರ ಬಗ್ಗೆ ಇಲ್ಲಿನ ಛಾಯಾಗ್ರಾಹಕರಿಗೆ ಅವರಿಗಿಂತ ದೊಡ್ಡ ಗುರು ಬೇಕಿಲ್ಲ.) 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಕುಸಿದಾಗ ಈ ಕೊರತೆ ಎದ್ದು ಕಂಡಿತು. ಕೆಸರು, ಮುರಿದ ಮನೆ, ಪರಿಹಾರ ಕೇಂದ್ರದ ಸಾಲು ಇವು ಚಿತ್ರಗಳಾದವು. ಕೊಚ್ಚಿಹೋದ ತೋಟದಲ್ಲಿ ಯಾವ ಗಿಡವನ್ನು ಉಳಿಸಬಹುದೆಂದು ಬಲ್ಲ ಕೈಗಳಿಗಾಗಿ ಕಾದ ಕ್ಯಾಮೆರಾಗಳು ವಿರಳ.