ಸೂರ್ಯ ಬರುವ ಮುಂಚೆ

ಮುಂಜಾವದ ಬೆಂಗಳೂರು ಎಂದು ನನಗೆ ಬರುವ ಫೋಟೊಗಳಲ್ಲಿ ಬಹುಪಾಲು ಒಂದೇ ತೆರನವು. ನಡುವೆ ಉರಿಯುವ ಕಿತ್ತಳೆ ಚುಕ್ಕೆ, ಕೆಳಗೆ ಮಸಿ ಬಳಿದಂಥ ಕಟ್ಟಡಗಳು. ಸೂರ್ಯ ಸಿಕ್ಕಿದ್ದಾನೆ, ಊರು ಮಾಯ. ತಾರಸಿ ಹತ್ತಿದವರ ನಿಜವಾದ ಕೆಲಸ ಸೂರ್ಯ ಕಾಣುವ ಮೊದಲಿನ ಇಪ್ಪತ್ತು ನಿಮಿಷಗಳಲ್ಲೇ ಮುಗಿದಿರಬೇಕು. ಬೀದಿದೀಪ, ಆಗಷ್ಟೇ ಹೊತ್ತಿದ ಅಡುಗೆಮನೆಯ ಟ್ಯೂಬ್‌ಲೈಟು, ಆಕಾಶ, ಮೂರರ ಬೆಳಕೂ ಒಂದು ಹದಕ್ಕೆ ಬರುವುದು ಆಗಲೇ. 13 ಡಿಗ್ರಿ ಅಕ್ಷಾಂಶದ ನಮ್ಮೂರಲ್ಲಿ ಸೂರ್ಯ ಹೆಚ್ಚುಕಡಿಮೆ ನೆಟ್ಟಗೆ ಏರುತ್ತಾನೆ. ಹಾಗಾಗಿ ಆ ಹದ ನಿಲ್ಲುವುದು ಕೆಲವೇ ನಿಮಿಷ. ಟ್ರೈಪಾಡ್ ಹಾಕಿ, ಐಎಸ್‌ಒ 100ರಲ್ಲಿ ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್‌ನಿಂದ ಶುರು ಮಾಡಿ, ಬೆಳಕು ಏರಿದಂತೆ ಇಳಿಸುತ್ತ ಹೋಗಬೇಕು.

ಈ ಹವ್ಯಾಸದ ವಂಶ ದೊಡ್ಡದು. ಕ್ಯಾಮೆರಾದಿಂದ ತೆಗೆದವುಗಳಲ್ಲಿ ಉಳಿದಿರುವ ಅತಿ ಹಳೆಯ ಚಿತ್ರ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826–27ರ ಹೊತ್ತಿಗೆ ಮೇಲ್ಮಹಡಿಯ ಕಿಟಕಿಯಿಂದ ತೆಗೆದ ಮಾಡುಗಳದ್ದು. ಎಕ್ಸ್‌ಪೋಷರ್ ಎಷ್ಟು ದೀರ್ಘವೆಂದರೆ ಅದರಲ್ಲಿ ಎದುರುಬದುರು ಗೋಡೆಗಳೆರಡಕ್ಕೂ ಬಿಸಿಲು ಬಿದ್ದಿದೆ! ಪುಣ್ಯಾತ್ಮನಿಗೆ ಆತುರವಿರಲಿಲ್ಲ.

ಇನ್ನು ಸೂರ್ಯನೇ ಬೇಕೆನ್ನುವವರಿಗೆ: ವೈಡ್ ಲೆನ್ಸ್ ಒಳಗಿಡಿ. 24 ಮಿಲಿಮೀಟರ್ ಲೆನ್ಸಿನಲ್ಲಿ ಸೂರ್ಯಬಿಂಬ ಚೌಕಟ್ಟಿನ ಅಗಲದಲ್ಲಿ ನೂರೈವತ್ತನೆಯ ಒಂದು ಪಾಲೂ ಇರುವುದಿಲ್ಲ. 400ರಲ್ಲಿ ಹತ್ತನೆಯ ಒಂದು ಪಾಲಾಗುತ್ತದೆ. ಆದರೆ ಎಲ್ಲಿ ನಿಲ್ಲುತ್ತೀರಿ ಎಂಬುದು ಲೆನ್ಸಿಗಿಂತ ಮುಖ್ಯ. ಚಾಮರಾಜಪೇಟೆಯ ತಾರಸಿಗಳಿಂದ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಸುಮಾರು ಐದು ಕಿಲೋಮೀಟರ್. ಆ ದೂರದಲ್ಲಿ ಸೂರ್ಯ ಹತ್ತಿರಹತ್ತಿರ 45 ಮೀಟರ್ ಅಗಲದವನಂತೆ ಕಾಣುತ್ತಾನೆ, ಅಂದರೆ ಆ 25 ಅಂತಸ್ತಿನ ಕಟ್ಟಡದ ಅರ್ಧ ಎತ್ತರದ ಆಸುಪಾಸು. ಎದುರು ಬೀದಿಯಲ್ಲಿ ನಿಂತರೆ ಈ ಅಳತೆ ಎಂದೂ ಸಿಗದು. ತೊಡಕೆಂದರೆ ಕಟ್ಟಡ ಅಲ್ಲಿಂದ ಪೂರ್ವಕ್ಕಿಂತ ಈಶಾನ್ಯದ ಕಡೆ ವಾಲಿದೆ. ಸೂರ್ಯ ವರ್ಷದುದ್ದಕ್ಕೂ ಪೂರ್ವದ ಆಚೆ ಈಚೆ ಸುಮಾರು 24 ಡಿಗ್ರಿ ಓಡಾಡುವವನು, ಆ ಮೂಲೆಗೆ ಬರುವುದು ಮೇನಿಂದ ಜುಲೈವರೆಗೆ. ನಮ್ಮ ಮುಂಗಾರು ಮೋಡವೂ ಆಗಲೇ ಬರಬೇಕೆ? ಮೋಡ ಸರಿದ ದಿನ ಸಿಕ್ಕರೆ ವ್ಯೂಫೈಂಡರಿನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ, ಹಿಂದಿನ ಪರದೆ ಸಾಕು.

ಎಲ್ಲರೂ ಮೂವತ್ತನೇ ಮಹಡಿ ಹುಡುಕುತ್ತಾರೆ. ಅಲ್ಲಿಂದ ಊರು ನಕ್ಷೆಯಾಗಿಬಿಡುತ್ತದೆ. ನನಗೆ ನಾಲ್ಕನೇ ಮಹಡಿಯೇ ಸಾಕು. ತೆಂಗಿನ ಗರಿ, ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಹಾಕುವ ತಂತಿ, ಇವೆಲ್ಲ ಒಂದರ ಹಿಂದೊಂದು ನಿಂತು ಚಿತ್ರಕ್ಕೆ ಆಳ ಕೊಡುತ್ತವೆ. ಚಳಿಗಾಲದ ಮಂಜು ಆ ಸಾಲುಗಳನ್ನು ಒಂದೊಂದು ಬೂದಿ ಛಾಯೆಯಲ್ಲಿ ಬಿಡಿಸಿಡುತ್ತದೆ. ಸೋಮಾರಿಗಳಿಗೂ ಅದೇ ಕಾಲ. ಇಲ್ಲಿ ಅತಿ ತಡವಾದ ಸೂರ್ಯೋದಯ ಡಿಸೆಂಬರಿನದ್ದಲ್ಲ, ಜನವರಿ ಕೊನೆಯದ್ದು, 6:45ರ ಹೊತ್ತಿನದು.

ಒಮ್ಮೆಯಾದರೂ ಪಶ್ಚಿಮಕ್ಕೆ ತಿರುಗಿ. ಆಕಾಶ ಶುಭ್ರವಿದ್ದರೆ, ಸೂರ್ಯ ಹುಟ್ಟುವ ಮುಂಚೆ ಆ ದಿಗಂತದಲ್ಲಿ ನೀಲಿಬೂದು ಪಟ್ಟಿಯೊಂದು, ಅದರ ಮೇಲೆ ತೆಳು ಗುಲಾಬಿ ಪಟ್ಟಿ ಕಾಣುತ್ತದೆ. ಕೆಳಗಿನದು ಭೂಮಿಯದೇ ನೆರಳು. ರಾಜಾಜಿನಗರದ ಗೋಪುರಗಳ ಹಿಂದೆ ಅದನ್ನು ಹಿಡಿದವರು ಕಡಿಮೆ, ಎಲ್ಲರ ಟ್ರೈಪಾಡೂ ಪೂರ್ವಕ್ಕೇ.

ತಾರಸಿಯ ಬೀಗದ ಕೈಯನ್ನು ಮಾತ್ರ ಹಿಂದಿನ ಸಂಜೆಯೇ ಕೇಳಿ ಇಟ್ಟುಕೊಳ್ಳಿ. ಬೆಳಗಿನ ಐದಕ್ಕೆ ಬೆಲ್ ಒತ್ತಿದವನಿಗೆ ನಗುತ್ತ ಬೀಗದ ಕೈ ಕೊಡುವ ಮನೆ ಓನರ್ ಈ ಊರಲ್ಲಿನ್ನೂ ಹುಟ್ಟಿಲ್ಲ.