ಷೇಕ್ಸ್‌ಪಿಯರನಿಗೆ ಮುಂಚಿನ ಇಂಗ್ಲಿಷ್ ನಾಟಕ

ಇಂಗ್ಲಿಷ್ ನಾಟಕದ ಚರಿತ್ರೆಯನ್ನು ಹೇಳತಕ್ಕ ಪುಸ್ತಕಗಳಲ್ಲಿ ಬಹುಕಾಲದಿಂದ ನಡೆದುಬಂದ ಒಂದು ಸಂಪ್ರದಾಯವುಂಟು. ನಾಟಕವು ಮೊದಲು ಇಗರ್ಜಿಯ ಒಳಗೆ ಹುಟ್ಟಿತು. ಅಲ್ಲಿಂದ ಅಂಗಳಕ್ಕೆ, ಅಂಗಳದಿಂದ ಬೀದಿಗೆ ಇಳಿಯಿತು. ಪಾದ್ರಿಗಳ ಕೈಯಿಂದ ಕಸಬುದಾರರ ಕೈಗೆ, ಅವರಿಂದ ವೃತ್ತಿನಟರ ಕೈಗೆ ಸೇರಿತು. ಕಟ್ಟಕಡೆಗೆ ಮಾರ್ಲೊ, ಷೇಕ್ಸ್‌ಪಿಯರರಲ್ಲಿ ಪ್ರೌಢವಾಯಿತು ಎಂದು ಮೆಟ್ಟಿಲು ಮೆಟ್ಟಿಲಾಗಿ ಹೇಳುವುದೇ ಆ ಸಂಪ್ರದಾಯ. ೧೯೦೩ರಲ್ಲಿ ಇ. ಕೆ. ಚೇಂಬರ್ಸ್ ಎಂಬ ವಿದ್ವಾಂಸನು ಮಧ್ಯಯುಗದ ರಂಗಭೂಮಿಯನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದಮೇಲೆ ಈ ಮಾತು ಶಾಸ್ತ್ರವಾಕ್ಯದಂತೆ ನೆಲೆಗೊಂಡಿತು. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದಿದವರಲ್ಲಿಯೂ ಈ ಹಳೆಯ ನಾಟಕಗಳ ಹೆಸರನ್ನು ಪೀಠಿಕೆಯಲ್ಲಿ ಕೇಳಿ ಮರೆತವರೇ ಹೆಚ್ಚು. ಮೆಟ್ಟಿಲನ್ನು ಏರಿಹೋಗುವವನು ಅದನ್ನು ನಿಂತು ನೋಡುವುದಿಲ್ಲವಷ್ಟೆ. ಆದರೆ ಇವನ್ನು ಇವುಗಳಿಗಾಗಿಯೇ ಓದಿದವನಿಗೆ ಎರಡು ಸಂದೇಹಗಳು ಹುಟ್ಟದಿರಲಾರವು. ಇವು ಶೈಶವದ ತೊದಲುಮಾತುಗಳೆ? ಇವು ತಾವಾಗಿಯೇ ಮುಪ್ಪಡಸಿ ಸತ್ತುವೆ?

ಆರಂಭದ ವಿಷಯದಲ್ಲಿ ಹೆಚ್ಚು ವಿವಾದವಿಲ್ಲ. ಸುಮಾರು ೯೭೦ರಲ್ಲಿ ವಿಂಚೆಸ್ಟರಿನ ಬಿಷಪ್ ಏಥೆಲ್‌ವೋಲ್ಡನು ಇಂಗ್ಲೆಂಡಿನ ಮಠಗಳಿಗಾಗಿ ಸಿದ್ಧಪಡಿಸಿದ ನಿಯಮಗ್ರಂಥದಲ್ಲಿ ಈಸ್ಟರ್ ಹಬ್ಬದ ಪೂಜೆಗೆ ಒಂದು ವಿಧಿಯನ್ನು ಹೇಳಿದೆ. ಶ್ವೇತವಸ್ತ್ರವನ್ನುಟ್ಟ ಸನ್ಯಾಸಿಯೊಬ್ಬನು ಕೈಯಲ್ಲಿ ತಾಳೆಯ ಗರಿಯನ್ನು ಹಿಡಿದು ಸಮಾಧಿಯ ಬಳಿ ಮೌನವಾಗಿ ಕುಳಿತಿರಬೇಕು. ಬೇರೆ ಮೂವರು ಧೂಪಪಾತ್ರೆಗಳನ್ನು ಹಿಡಿದು, ಏನನ್ನೋ ಅರಸುವವರಂತೆ ಮೆಲ್ಲಮೆಲ್ಲನೆ ಬರಬೇಕು. ಕುಳಿತವನು ಯಾರನ್ನು ಹುಡುಕುತ್ತೀರೆಂದು ಮೆಲುದನಿಯಲ್ಲಿ ಕೇಳಬೇಕು. ಪೂಜೆಯೇ ಹೌದು, ಆದರೆ ನಡಗೆ, ದನಿ, ವೇಷ ಮೂರನ್ನೂ ವಿಧಿಸಿದ ಬಿಷಪ್ಪನು ನಾಟಕವೆಂದರೇನೆಂಬುದನ್ನು ಬಲ್ಲವನು. ಹಾಗೆಂದು, ಈ ಲ್ಯಾಟಿನ್ ವಿಧಿಯೇ ಬೆಳೆದು ಬೀದಿಯ ಇಂಗ್ಲಿಷ್ ನಾಟಕವಾಯಿತೆಂದು ಹೇಳುವುದು ಸಾಹಸ. ಬೀದಿಯ ನಾಟಕಗಳು ನಡೆಯುತ್ತಿದ್ದ ಕಾಲದಲ್ಲಿಯೂ ಇಗರ್ಜಿಯ ಒಳಗೆ ಲ್ಯಾಟಿನ್ ವಿಧಿ ತನ್ನ ಪಾಡಿಗೆ ತಾನು ನಡೆಯುತ್ತಿದ್ದಿತು. ಮಗುವು ಬೆಳೆದು ಮನುಷ್ಯನಾದಮೇಲೆ ಮಗುವೂ ಉಳಿದಿರುವುದುಂಟೆ? ಸರಳವಾದುದು ಮೊದಲು, ಜಟಿಲವಾದುದು ಆಮೇಲೆ ಎಂಬ ಈ ಲೆಕ್ಕವನ್ನು ೧೯೬೫ರಲ್ಲಿ ಓ. ಬಿ. ಹಾರ್ಡಿಸನ್ ಎಂಬ ಅಮೆರಿಕದ ವಿಮರ್ಶಕನು ಬಲವಾಗಿ ಆಕ್ಷೇಪಿಸಿದ್ದಾನೆ. ಅವನ ಆಕ್ಷೇಪಣೆಯು ನಮಗೆ ನ್ಯಾಯವಾಗಿಯೇ ತೋರುತ್ತದೆ.

ಬೀದಿಯ ನಾಟಕಗಳ ಉಸಿರು ಬೇರೆ. ೧೨೬೪ರಲ್ಲಿ ಪೋಪ್ ನಾಲ್ಕನೆಯ ಅರ್ಬನ್ನನು ವಿಧಿಸಿದ ಕಾರ್ಪಸ್ ಕ್ರಿಸ್ಟಿ ಎಂಬ ಹಬ್ಬವು ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲೆಲ್ಲ ಹರಡಿತು. ಯಾರ್ಕ್ ನಗರದಲ್ಲಿ ಈ ಹಬ್ಬದ ನಾಟಕದ ಬಂಡಿಗಳ ಉಲ್ಲೇಖ ೧೩೭೬ರಷ್ಟು ಹಿಂದೆಯೇ ದೊರೆಯುತ್ತದೆ. ಜಗತ್ಸೃಷ್ಟಿಯಿಂದ ಕಡೆಯ ತೀರ್ಪಿನ ದಿನದವರೆಗಿನ ಕಥೆಯನ್ನು ಐವತ್ತಕ್ಕೆ ಸಮೀಪವಾದ ಭಾಗಗಳಾಗಿ ಹಂಚಿ, ಒಂದೊಂದನ್ನು ಒಂದೊಂದು ಕಸಬಿನ ಸಂಘಕ್ಕೆ ಒಪ್ಪಿಸಿದ್ದರು. ಹಡಗು ಕಟ್ಟುವವರು ನೋಹನ ನಾವೆಯನ್ನು ಕಟ್ಟಬೇಕು. ಮೀನುಗಾರರೂ ನಾವಿಕರೂ ಜಲಪ್ರಳಯವನ್ನು ತೋರಿಸಬೇಕು. ರೊಟ್ಟಿ ಸುಡುವವರದು ಕ್ರಿಸ್ತನ ಕಡೆಯ ಭೋಜನ. ನಟರು ಬೆಳಗ್ಗೆ ನಾಲ್ಕೂವರೆ ಗಂಟೆಗೇ ಸಿದ್ಧರಾಗಿರಬೇಕು. ಬಂಡಿಗಳು ಒಂದರ ಹಿಂದೊಂದು ಹೊರಟು, ಗೊತ್ತಾದ ಹತ್ತು ಹನ್ನೆರಡು ಕಡೆಗಳಲ್ಲಿ ನಿಂತು, ನಿಂತಲ್ಲೆಲ್ಲ ಆಡಬೇಕು. ಜವಳಿ ಮೊದಲಾದ ಸರಕುಗಳ ದೊಡ್ಡ ವರ್ತಕರ ಸಂಘವು ಕಡೆಯ ತೀರ್ಪಿನ ಬಂಡಿಗಾಗಿ ೧೪೩೩ರಲ್ಲಿ ಬರೆದಿಟ್ಟ ಸಾಮಾನಿನ ಪಟ್ಟಿಯೊಂದು ಉಳಿದಿದೆ. ಅದರಲ್ಲಿ ನರಕದ ಬಾಯಿಯುಂಟು, ಬಣ್ಣದ ಮೋಡಗಳುಂಟು, ಕೆಂಪು ಬಣ್ಣ ಬಳಿದ ಒಂಬತ್ತು ಪುಟ್ಟ ದೇವದೂತರುಂಟು, ಆ ದೇವದೂತರನ್ನು ಸ್ವರ್ಗದಲ್ಲಿ ಓಡಾಡಿಸಲು ಒಂದು ಸಣ್ಣ ದಾರವೂ ಉಂಟು. ಪಟ್ಟಿ ಬರೆದ ವರ್ತಕರು ದಾರವನ್ನೂ ಬಿಟ್ಟಿಲ್ಲ.

ಯಾರ್ಕಿನ ನಾಟಕಗಳಲ್ಲಿ ಶಿಲುಬೆಯ ನಾಟಕವೊಂದನ್ನೇ ಓದಿದರೂ ತೊದಲುಮಾತೆಂಬ ಅಪವಾದವು ನಿಲ್ಲುವುದಿಲ್ಲ. ಇದನ್ನು ಆಡುತ್ತಿದ್ದವರು ಗುಂಡುಸೂಜಿ, ಮೊಳೆ ಮೊದಲಾದುವನ್ನು ಮಾಡುವವರು. ನಾಲ್ವರು ಸೈನಿಕರು ಕ್ರಿಸ್ತನನ್ನು ನೆಲದ ಮೇಲಿನ ಶಿಲುಬೆಗೆ ಜಡಿಯಲು ಬರುತ್ತಾರೆ. ಅವರಲ್ಲಿ ದ್ವೇಷಕ್ಕಿಂತ ಹೆಚ್ಚಾಗಿ ಕಾಣುವುದು ಕೆಲಸದ ಚಿಂತೆ. ಕೊರೆದ ತೂತು ಅಳತೆ ತಪ್ಪಿದೆ. ಕೈ ಅಲ್ಲಿಗೆ ಮುಟ್ಟುವುದಿಲ್ಲ. ಹಗ್ಗ ಕಟ್ಟಿ ಜಗ್ಗುತ್ತಾರೆ. ಎತ್ತಿ ನಿಲ್ಲಿಸುವಾಗ ಭಾರಕ್ಕೆ ಹೆಗಲು ಮುರಿಯಿತೆಂದು ಗೊಣಗುತ್ತಾರೆ. ಒಬ್ಬನು ಸರಿಯಾಗಿ ಹಿಡಿಯಲಿಲ್ಲವೆಂದು ಮತ್ತೊಬ್ಬನು ಬೈಯುತ್ತಾನೆ. ಬುಡದ ಕುಳಿ ಅಗಲವಾಯಿತೆಂದು ಬೆಣೆ ಹೊಡೆಯುತ್ತಾರೆ. ಸುತ್ತ ನಿಂತ ಜನರೂ ಕೂಲಿಯವರೇ, ಕಮ್ಮಾರರೇ, ಬಡಗಿಗಳೇ. ಕೆಲಸಗಾರರ ಈ ಜಗಳ ಅವರಿಗೆ ಮನೆಯ ಮಾತಿನಷ್ಟು ಪರಿಚಿತ; ಅವರು ನಕ್ಕಿರಲೇ ಬೇಕು. ಅಷ್ಟರಲ್ಲಿ ಶಿಲುಬೆ ಮೇಲೇಳುತ್ತದೆ. ಈವರೆಗೆ ಸೈನಿಕರ ಬೆನ್ನುಗಳ ಮರೆಯಲ್ಲಿದ್ದ ದೇಹವು ಎಲ್ಲರ ಕಣ್ಣಿಗೂ ಬೀಳುತ್ತದೆ. ನಾಟಕದಲ್ಲಿ ಎರಡೇ ಸಲ ಬಾಯಿತೆರೆಯುವ ಕ್ರಿಸ್ತನು ಈಗ ದಾರಿಯಲ್ಲಿ ನಡೆದುಹೋಗುವವರನ್ನು ಕರೆದು ತನ್ನ ಗಾಯಗಳನ್ನು ನೋಡಿರೆನ್ನುತ್ತಾನೆ; ತಾವು ಮಾಡುತ್ತಿರುವುದನ್ನು ಅರಿಯದ ಇವರನ್ನು ಕ್ಷಮಿಸೆಂದು ತಂದೆಯನ್ನು ಬೇಡುತ್ತಾನೆ. ನಿಜವಾದ ಬೀದಿಯಲ್ಲಿ ನಿಂತು, ಒಂದು ಗಳಿಗೆಯ ಹಿಂದೆ ನಕ್ಕವರಿಗೆ ಈ ಮಾತು ಹೇಗೆ ಕೇಳಿಸಿರಬೇಕು! ಪ್ರೇಕ್ಷಕನನ್ನು ಅಪರಾಧದ ಪಾಲುಗಾರನನ್ನಾಗಿ ಮಾಡುವ ಈ ಬಗೆಯನ್ನು ಕಂಡುಕೊಂಡವನ ಹೆಸರೂ ನಮಗೆ ದೊರೆತಿಲ್ಲ. ಅವನನ್ನು ಶಿಶುವೆನ್ನುವುದು ವಿಮರ್ಶೆಯಲ್ಲ.

ವೇಕ್‌ಫೀಲ್ಡಿನ ಹೆಸರಿನಲ್ಲಿ ಬಳಕೆಯಲ್ಲಿರುವ ಸಂಗ್ರಹದ ಎರಡನೆಯ ಕುರುಬರ ನಾಟಕ ಇದಕ್ಕಿಂತ ಪ್ರಸಿದ್ಧವಾದುದು. ಚಳಿಯನ್ನೂ ಸಿರಿವಂತರ ದಬ್ಬಾಳಿಕೆಯನ್ನೂ ಬೈಯುತ್ತ ಮೂವರು ಕುರುಬರು ಬರುತ್ತಾರೆ. ಮ್ಯಾಕ್ ಎಂಬ ಕಳ್ಳನು ಅವರ ಕುರಿಯೊಂದನ್ನು ಕದ್ದು ಮನೆಗೊಯ್ಯುತ್ತಾನೆ. ಹೆಂಡತಿ ಜಿಲ್ ಅದನ್ನು ತೊಟ್ಟಿಲಲ್ಲಿ ಮಲಗಿಸಿ, ತಾನು ಈಗತಾನೆ ಹೆತ್ತವಳಂತೆ ನರಳುತ್ತಾಳೆ. ಹುಡುಕಿ ಸೋತು ಹೊರಟ ಕುರುಬರು, ಮಗುವಿಗೆ ಏನೂ ಕೊಡಲಿಲ್ಲವಲ್ಲಾ ಎಂದು ಹಿಂತಿರುಗಿ ಬಂದು ಹೊದಿಕೆಯನ್ನು ಎತ್ತುತ್ತಾರೆ. ಗುಟ್ಟು ಬಯಲಾಗುವುದು ಅನುಮಾನದಿಂದಲ್ಲ, ಔದಾರ್ಯದಿಂದ. ಕುರಿಗಳ್ಳನಿಗೆ ನೇಣಾಗಬಹುದಾಗಿದ್ದ ಕಾಲದಲ್ಲಿ ಅವನನ್ನು ಕಂಬಳಿಯಲ್ಲಿ ಹಾಕಿ ಮೇಲಕ್ಕೆಸೆದು ಬಿಟ್ಟುಬಿಡುತ್ತಾರೆ. ಆಮೇಲೆಯೇ ದೇವದೂತನ ಗಾನ. ಬೆತ್ಲೆಹೇಮಿನಲ್ಲಿ ಇನ್ನೊಂದು ಶಿಶು. ಇದನ್ನು ಭಕ್ತಿಯ ಕಥೆಗೆ ಅಂಟಿಸಿದ ಪ್ರಹಸನವೆಂದು ಕೆಲವರು ಆಡಿಕೊಂಡುದುಂಟು. ತೊಟ್ಟಿಲಲ್ಲಿ ಕುರಿಯನ್ನು ಮಲಗಿಸಿ, ಬಳಿಕ ದೇವರ ಕುರಿಮರಿಯೆನಿಸಿದವನನ್ನು ಗೋದಲಿಯಲ್ಲಿ ತೋರಿಸಿದ ಕವಿಗೆ ತಾನೇನು ಮಾಡುತ್ತಿರುವೆನೆಂಬುದು ತಿಳಿದಿರಲಿಲ್ಲವೆ?

ಎಲ್ಲವೂ ಈ ಮಟ್ಟದವೆಂದು ನಾವು ಹೇಳುವುದಿಲ್ಲ. ಈ ಸಂಗ್ರಹಗಳಲ್ಲಿ ಬರಿಯ ಉಪದೇಶದ ಪುಟಗಳು ಬೇಕಾದಷ್ಟಿವೆ. ಸದ್ಗುಣ ದುರ್ಗುಣಗಳೇ ಪಾತ್ರಗಳಾಗಿ ಬರುವ ನೀತಿನಾಟಕಗಳಲ್ಲಂತೂ ಡಚ್ ಭಾಷೆಯ ನಾಟಕಕ್ಕೆ ಋಣಿಯಾದ 'ಎವೆರಿಮ್ಯಾನ್' ಒಂದನ್ನು ಬಿಟ್ಟರೆ ಎರಡನೆಯ ಸಲ ಓದಿಸಿಕೊಳ್ಳುವುವು ವಿರಳ.

ಇನ್ನು ಇವು ಕೊನೆಗಂಡ ಬಗೆ. ಜನಕ್ಕೆ ಬೇಸರವಾಗಿ ನಿಂತುವೆಂಬುದಕ್ಕೆ ದಾಖಲೆಗಳು ಒಪ್ಪುವುದಿಲ್ಲ. ಮತಸುಧಾರಣೆಯಲ್ಲಿ ೧೫೪೮ರಲ್ಲಿ ಹಬ್ಬವೇ ರದ್ದಾಯಿತು. ೧೫೬೮ರಲ್ಲಿ ಯಾರ್ಕಿನ ಪ್ರಧಾನ ಇಗರ್ಜಿಯ ಡೀನ್ ಮ್ಯಾಥ್ಯೂ ಹಟನ್ನನು, ಅಲ್ಲಿಯ ಇನ್ನೊಂದು ಹಳೆಯ ನಾಟಕವನ್ನು ಆಡಿಸಬಾರದೆಂದು ನಗರಸಭೆಗೆ ಬರೆದನು. ಪಾಮರರು ಅದನ್ನು ಮೆಚ್ಚುವರೆಂಬುದನ್ನು ಅವನೇ ಒಪ್ಪಿಕೊಂಡಿದ್ದಾನೆ! ಯಾರ್ಕಿನ ಬಂಡಿಗಳು ಕಡೆಯ ಸಲ ಹೊರಟುದು ೧೫೬೯ರಲ್ಲಿ. ೧೫೭೫ರಲ್ಲಿ ಚೆಸ್ಟರಿನಲ್ಲಿ ಆಡಿಸಿದ ಮೇಯರನು ರಾಣಿಯ ಮಂತ್ರಾಲೋಚನ ಸಭೆಗೆ ಉತ್ತರ ಹೇಳಬೇಕಾಯಿತು. ೧೫೭೬ರಲ್ಲಿ ವೇಕ್‌ಫೀಲ್ಡಿಗೆ, ದೇವರನ್ನು ವೇಷಧರಿಸಿ ತೋರಿಸಕೂಡದೆಂಬ ಆಜ್ಞೆ ಬಂದಿತು. ಕಾವೆಂಟ್ರಿಯಲ್ಲಿ ೧೫೭೯ಕ್ಕೆ ಮುಗಿಯಿತು. ಹೆರಾಲ್ಡ್ ಗಾರ್ಡಿನರನು ೧೯೪೬ರ ತನ್ನ ಪುಸ್ತಕದಲ್ಲಿ ಈ ಪ್ರಮಾಣಗಳನ್ನೆಲ್ಲ ಮುಂದಿಟ್ಟು, ಇದು ಸಹಜಮರಣವಲ್ಲ, ಸರ್ಕಾರದ ಕೈವಾಡವೆಂದು ವಾದಿಸಿದನು.

೧೫೭೬ರಲ್ಲಿಯೇ ಜೇಮ್ಸ್ ಬರ್ಬೇಜನು ಲಂಡನ್ನಿನ ಹೊರಗೆ ಷೋರ್‌ಡಿಚ್‌ನಲ್ಲಿ ಹಣ ಕೊಟ್ಟವರಿಗಾಗಿ ನಾಟಕಶಾಲೆಯನ್ನು ಕಟ್ಟಿದುದನ್ನು ಚರಿತ್ರಕಾರರು ಉದಯವೆಂದು ವರ್ಣಿಸುತ್ತಾರೆ. ಉದಯವೇ ಸರಿ. ದೇವರು ರಂಗದಿಂದ ಹೊರದೂಡಲ್ಪಟ್ಟುದರಿಂದಲೇ ಮನುಷ್ಯನು ಅಲ್ಲಿ ಒಂಟಿಯಾಗಿ ನಿಲ್ಲಬೇಕಾಯಿತು. ಲಿಯರ್ ರಾಜನು ಬಿರುಗಾಳಿಯಲ್ಲಿ ಕೂಗಿದಾಗ ಆಕಾಶವು ಉತ್ತರ ಕೊಡದಿರುವುದು ಆ ಒಂಟಿತನದ ಫಲವೆಂದು ನಮ್ಮ ಭಾವನೆ. ಆದರೆ ಪಟ್ಟಣವೆಲ್ಲ ತಾನೇ ನಟನಾಗಿ, ತಾನೇ ಪ್ರೇಕ್ಷಕನಾಗಿ, ತನ್ನ ಕಸಬಿನ ಉಳಿ ಸುತ್ತಿಗೆಗಳನ್ನು ಹಿಡಿದೇ ಆಡುತ್ತಿದ್ದ ನಾಟಕವು ಆ ದೇಶದಲ್ಲಿ ಆ ಹೊತ್ತಿಗೆ ಮುರಿದುಬಿದ್ದಿತು.

೧೫೮೦ರಲ್ಲಿ ಯಾರ್ಕಿನ ಜನರು ಈ ವರ್ಷವಾದರೂ ನಾಟಕವನ್ನು ಆಡಿಸಬೇಕೆಂದು ಮೇಯರನನ್ನು ಬೇಡಿಕೊಂಡರು. ಆಲೋಚಿಸುತ್ತೇವೆಂದು ಅವನು ಉತ್ತರಕೊಟ್ಟನು. ಆಲೋಚನೆ ಮುಗಿಯಲಿಲ್ಲ. ಹದಿಮೂರು ಸಾವಿರ ಪಂಕ್ತಿಗಳನ್ನು ಮೀರಿದ ಆ ಗ್ರಂಥವನ್ನು ಲೂಸಿ ಟೌಲ್ಮಿನ್ ಸ್ಮಿತ್ ಎಂಬ ವಿದುಷಿಯು ೧೮೮೫ರಲ್ಲಿ ಅಚ್ಚುಹಾಕಿಸಿದಳು. ೧೯೫೧ರಲ್ಲಿ, ಯಾರ್ಕಿನ ಸೇಂಟ್ ಮೇರಿ ಮಠದ ಹಾಳುಗೋಡೆಗಳ ಮುಂದೆ, ಅದರ ಮಾತುಗಳು ಮತ್ತೆ ನಟರ ಬಾಯಿಗೆ ಬಂದುವು.