ಹಗ್ಗದ ತುದಿಯ ತಟ್ಟೆ

ಬೇಸಿಗೆಯ ಕೊನೆಗೆ ಎರಡು ಮೂರು ದಿನ ಮೋಡ ಮುಸುಕಿ, ಗಾಳಿ ಬಿದ್ದು, ಸೆಕೆ ಹೆಚ್ಚಿತೆಂದರೆ ಹಳಿಯಾಳ, ಮುಂಡಗೋಡ ಕಡೆಯ ಊರಕೆರೆಗಳ ಮೇಲೆ ಒಂದು ಕಣ್ಣಿಡಬೇಕು. ಹಸಿರುಗಟ್ಟಿದ ಕೆರೆಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಬಿಸಿಲೇರುವಷ್ಟರಲ್ಲಿ ದಂಡೆಗುಂಟ ಕಟ್ಲಾ, ರೋಹು ಹೊಟ್ಟೆ ಮೇಲಾಗಿ ತೇಲಬಹುದು. ಆಮೇಲೆ ಊರಲ್ಲಿ ಒಂದೇ ಮಾತು: ಯಾರೋ ಕೆರೆಗೆ ವಿಷ ಹಾಕಿದ್ದಾರೆ. ಹಳೆಯ ಜಗಳಗಳೆಲ್ಲ ಎದ್ದು ಕೂರುತ್ತವೆ. ಮೀನಿನ ಗುತ್ತಿಗೆ ಹಿಡಿದವನು ತನಗೆ ಆಗದವರ ಮನೆಯ ಕಡೆ ನೋಡುತ್ತಾನೆ.

ವಿಷ ಹಾಕುವವರೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಇಂಥ ಬೆಳಗಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಉಸಿರನ್ನು. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ತಳದ ಕೊಳೆ ಎಲ್ಲವೂ ಸೇರಿ ಅದನ್ನು ಉಸಿರಾಡಿ ಮುಗಿಸುತ್ತವೆ. ಮೋಡವಿದ್ದರೆ ಹಗಲಿನ ಗಳಿಕೆ ಕಡಿಮೆ, ರಾತ್ರಿಯ ಖರ್ಚು ಮಾತ್ರ ಅಷ್ಟೇ. ಅಲ್ಲದೆ ಬಿಸಿ ನೀರಿಗೆ ಗಾಳಿಯನ್ನು ಹಿಡಿದಿಡುವ ಶಕ್ತಿಯೇ ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿಸಿಕೊಂಡರೆ, 30 ಡಿಗ್ರಿಯದು ಏಳೂವರೆಗೆ ನಿಲ್ಲುತ್ತದೆ. ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ ಕೆರೆಯ ಆಮ್ಲಜನಕ ಅತಿ ಕೆಳಗಿಳಿದಿರುತ್ತದೆ.

ಇದನ್ನು ಏರಿಯ ಮೇಲೆ ನಿಂತ ಜನರ ಕಣ್ಣೆದುರೇ ತೋರಿಸಬಹುದು. ಹಂಗೇರಿಯ ಲಾಯೋಶ್ ವಿಂಕ್ಲರ್ 1888ರಲ್ಲಿ ಹೇಳಿಕೊಟ್ಟ ಪರೀಕ್ಷೆ ಇವತ್ತಿಗೂ ಕಾಲೇಜಿನ ಪ್ರಯೋಗಾಲಯಗಳಲ್ಲಿದೆ. ಗಾಜಿನ ಬಾಟಲಿಯನ್ನು ನೀರೊಳಗೇ ಅದ್ದಿ, ಒಂದು ಗುಳ್ಳೆಯೂ ಉಳಿಯದಂತೆ ತುಂಬಬೇಕು. ಮ್ಯಾಂಗನೀಸ್ ಸಲ್ಫೇಟ್ ಹಾಕಿ, ಆಮೇಲೆ ಕ್ಷಾರ ಬೆರೆತ ಅಯೋಡೈಡ್ ಹಾಕಿ, ಬಿರಡೆ ಬಿಗಿದು ತಲೆಕೆಳಗು ಮಾಡಿ ಅಲ್ಲಾಡಿಸಬೇಕು. ಆಮ್ಲಜನಕವಿದ್ದರೆ ಒಳಗೆ ಕಂದು ಬಣ್ಣದ ಗಸಿ ಕಟ್ಟಿ ನಿಧಾನ ಇಳಿಯುತ್ತದೆ. ಇಲ್ಲದಿದ್ದರೆ ಗಸಿ ಬೆಳ್ಳಗಿರುತ್ತದೆ. ನಸುಕಿನಲ್ಲೊಂದು ಬಾಟಲಿ, ಮಧ್ಯಾಹ್ನ ಒಂದು. ಅಕ್ಕಪಕ್ಕ ಇಟ್ಟರೆ ಅಕ್ಷರ ಬಾರದ ಅಜ್ಜಿಗೂ ಕೆರೆಯ ರಾತ್ರಿ ಹೇಗಿತ್ತೆಂದು ತಿಳಿಯುತ್ತದೆ. ಕ್ಷಾರ ಚರ್ಮ ಸುಡುತ್ತದೆ, ಹಾಗಾಗಿ ಶಾಲಾ ಮಕ್ಕಳೊಡನೆ ಮಾಡುವಾಗ ಆ ಕೆಲಸ ಕೈಗವಸು ಹಾಕಿದ ಮೇಷ್ಟ್ರದ್ದೇ.

ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ಎಂಬ ನಮ್ಮ ನಾಲ್ಕು ಊರುಗಳ ಸುತ್ತ ನಿಂತ ನೀರನ್ನು ನೋಡುವವನಿಗೆ ಇಂಥ ಪಾಠಕ್ಕೆ ಕೊರತೆಯಿಲ್ಲ. ಜೋಯಿಡಾದಲ್ಲಿ ಕಾಳಿ ನದಿಗೆ ಅಡ್ಡವಾಗಿ ನಿಂತ ಸೂಪಾ ಅಣೆಕಟ್ಟು 101 ಮೀಟರ್ ಎತ್ತರ. ಅದರ ಹಿನ್ನೀರಿನಡಿ ಹಳೆಯ ಸೂಪಾ ಊರೇ ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಮುಂಡಗೋಡದ ಅತ್ತಿವೇರಿ ಜಲಾಶಯ ಇದಕ್ಕೆ ಪೂರ್ತಿ ಬೇರೆ: ಪಕ್ಷಿಧಾಮವೆಲ್ಲ ಸೇರಿ 2.23 ಚದರ ಕಿಲೋಮೀಟರು, ತೆಳುವಾಗಿ ಹರಡಿದ ನೀರು, ಚಮಚಕೊಕ್ಕುಗಳೂ ನೀರುಕಾಗೆಗಳೂ ತುಂಬಿದ ಮರಗಳು. ಈ ಎರಡನ್ನೂ ಒಂದೇ ಅಳತೆಗೋಲಿನಿಂದ ನೋಡುವುದು ತಪ್ಪು.

ಆಳದ ಜಲಾಶಯದಲ್ಲಿ ಮೇಲಿನ ಬೆಚ್ಚಗಿನ ನೀರು, ಕೆಳಗಿನ ತಂಪು ನೀರು ಬೇರೆ ಬೇರೆ ಪದರಗಳಾಗಿ ನಿಲ್ಲುತ್ತವೆ. ನೀರು 4 ಡಿಗ್ರಿಯಿಂದ 5ಕ್ಕೆ ಏರಿದಾಗ ಎಷ್ಟು ಹಗುರಾಗುತ್ತದೋ, 29ರಿಂದ 30ಕ್ಕೆ ಏರಿದಾಗ ಅದರ ಮೂವತ್ತು ಪಟ್ಟಿಗೂ ಹೆಚ್ಚು ಹಗುರಾಗುತ್ತದೆ. ಆದ್ದರಿಂದ ನಮ್ಮ ಸೀಮೆಯಲ್ಲಿ ಎರಡು ಮೂರು ಡಿಗ್ರಿಯ ಅಂತರವೇ ಪದರಗಳನ್ನು ಹಿಡಿದು ನಿಲ್ಲಿಸಬಲ್ಲದು. ಮೇಲಿನ ಗಾಳಿ ಕೆಳಕ್ಕೆ ಇಳಿಯದೆ, ಮುಳುಗಿದ ಗಿಡಮರ, ಎಲೆಗೊಬ್ಬರ ಕೊಳೆಯುವ ತಳದಲ್ಲಿ ಆಮ್ಲಜನಕ ತೀರಿಹೋಗಬಹುದು. ಚಳಿಗಾಲದಲ್ಲಿ ಮೇಲ್ನೀರು ತಣಿದು ಭಾರವಾದಾಗ ಪದರ ಮುರಿಯುತ್ತದೆ. ಅಣೆಕಟ್ಟಿನಿಂದ ನೀರು ಯಾವ ಮಟ್ಟದಲ್ಲಿ ಹೊರಬೀಳುತ್ತದೆ ಎನ್ನುವುದರ ಮೇಲೆ ಕೆಳಗಿನ ಹೊಳೆಯ ತಂಪು, ಅದರ ಉಸಿರು ನಿಂತಿದೆ. ಗಣೇಶಗುಡಿಗೆ ರ‍್ಯಾಫ್ಟಿಂಗಿಗೆ ಬರುವ ಪ್ರವಾಸಿಗರಿಗೆ ಲೈಫ್ ಜಾಕೆಟ್ ತೊಡಿಸುವಾಗ ಇಷ್ಟನ್ನು ಹೇಳಿದರೆ ಎರಡು ನಿಮಿಷವೂ ಹಿಡಿಯದು.

ತೆಳು ಕೆರೆಗೆ ಈ ಪದರಗಳ ಗೊಡವೆ ಅಷ್ಟಿಲ್ಲ. ಒಂದು ಜೋರು ಗಾಳಿ ಬೀಸಿದರೆ ತಳದ ಕೆಸರು ಮೇಲೆ ಬರುತ್ತದೆ. ಗೌಳಿಗರ ಎಮ್ಮೆಗಳು ಇಳಿದರೂ ಅಷ್ಟೇ. ಎಮ್ಮೆ ಇಳಿಸಬೇಡಿ ಎಂದು ಹೇಳಲು ನನಗೆ ಮನಸ್ಸಿಲ್ಲ. ಕೆರೆ ಕಟ್ಟಿಸಿದ್ದೇ ದನಕರುವಿಗೂ ಗದ್ದೆಗೂ. ಸಗಣಿ, ಹಿಕ್ಕೆ, ಹೊಲದ ಗೊಬ್ಬರ ಮೂರೂ ಸೇರಿ ಪಾಚಿಗೆ ಎಷ್ಟು ಉಣಿಸುತ್ತಿವೆ ಎಂಬುದು ಮಾತ್ರ ಗೊತ್ತಿರಬೇಕು.

ಅದನ್ನು ತಿಳಿಯುವ ಅತಿ ಅಗ್ಗದ ಸಾಧನ ಒಂದು ತಟ್ಟೆ. ಇಟಲಿಯ ಪಾದ್ರಿ, ಖಗೋಳಜ್ಞ ಆಂಜೆಲೊ ಸೆಕ್ಕಿ 1865ರಲ್ಲಿ ಪೋಪರ ಹಡಗಿನಿಂದ ಬಿಳಿ ತಟ್ಟೆಗಳನ್ನು ಸಮುದ್ರಕ್ಕೆ ಇಳಿಸಿ, ಕಣ್ಣಿಗೆ ಎಲ್ಲಿಯವರೆಗೆ ಕಾಣುತ್ತದೆಂದು ಅಳೆದರು. ಕೆರೆಗೆ ಈಗ ಬಳಸುವುದು ಇಪ್ಪತ್ತು ಸೆಂಟಿಮೀಟರ್ ಅಗಲದ, ಕಾಲು ಕಾಲು ಭಾಗ ಕಪ್ಪು ಬಿಳಿ ಬಳಿದ ತಟ್ಟೆ. ಬೆಸುಗೆ ಅಂಗಡಿಯಲ್ಲಿ ತಗಡು ಕತ್ತರಿಸಿಕೊಂಡು, ನಡುವೆ ತೂತು ಕೊರೆದು, ಅಡಿಯಲ್ಲಿ ಭಾರ ಕಟ್ಟಿ, ಹಗ್ಗಕ್ಕೆ ಹತ್ತು ಹತ್ತು ಸೆಂಟಿಮೀಟರಿಗೆ ಗುರುತು ಹಾಕಿದರೆ ಮುಗಿಯಿತು. ಬಿಸಿಲು ಚೆನ್ನಾಗಿರುವ ಹೊತ್ತಿನಲ್ಲಿ, ದೋಣಿಯ ನೆರಳಿನ ಬದಿಯಿಂದ ಇಳಿಸಬೇಕು. ತಟ್ಟೆ ಮರೆಯಾದ ಗುರುತು, ಮೇಲೆತ್ತುವಾಗ ಮತ್ತೆ ಕಂಡ ಗುರುತು, ಎರಡರ ಸರಾಸರಿಯೇ ಆ ದಿನದ ಲೆಕ್ಕ.

ಪರದೇಶದ ಪುಸ್ತಕಗಳು ಎರಡು ಮೀಟರಿಗಿಂತ ಮೊದಲೇ ತಟ್ಟೆ ಮರೆಯಾದರೆ ಕೆರೆಗೆ ಪೋಷಕಾಂಶ ಹೆಚ್ಚಾಗಿದೆ ಎನ್ನುತ್ತವೆ. ಅದನ್ನು ಇಲ್ಲಿ ಹಾಗೆಯೇ ಒಪ್ಪಬೇಡಿ. ಆಷಾಢದಲ್ಲಿ ಕೆಮ್ಮಣ್ಣು ಹೊತ್ತು ತಂದ ಕೆರೆಯಲ್ಲೂ ತಟ್ಟೆ ಒಂದು ಮೊಳಕ್ಕೇ ಮಾಯವಾಗುತ್ತದೆ; ಅದು ಹೂಳಿನ ಕೆಲಸ, ಪಾಚಿಯದ್ದಲ್ಲ. ಅಳತೆಯ ಪಕ್ಕದಲ್ಲಿ ನೀರಿನ ಬಣ್ಣ ಬರೆಯದ ಪುಸ್ತಕಕ್ಕೆ ನಾನು ಬೆಲೆ ಕೊಡುವುದಿಲ್ಲ.

ಸಾಮಾನ್ಯರ ದಾಖಲೆಗೆ ಲೋಕದಲ್ಲಿ ದೊಡ್ಡ ಮರ್ಯಾದೆಯಿದೆ. ಜಪಾನಿನ ಸುವಾ ಸರೋವರ ಹೆಪ್ಪುಗಟ್ಟಿದ ದಿನಗಳನ್ನು ಅಲ್ಲಿನ ಶಿಂಟೋ ಪೂಜಾರಿಗಳು 1443ರಿಂದ ಬರೆದಿಟ್ಟದ್ದು ಇಂದು ಹವಾಮಾನ ವಿಜ್ಞಾನಿಗಳಿಗೆ ಆಧಾರ. ಅಮೆರಿಕದಲ್ಲಿ 1994ರಲ್ಲಿ ಶುರುವಾದ ‘ಸೆಕ್ಕಿ ಡಿಪ್-ಇನ್’ ಜನರ ಕೈಗೇ ತಟ್ಟೆ ಕೊಟ್ಟಿತು. ನಮ್ಮಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ‘ಲೇಕ್’ ಸಮಾವೇಶಗಳಲ್ಲಿ ಶಾಲಾ ಮಕ್ಕಳಿಗೂ ಪ್ರಬಂಧ ಮಂಡಿಸಲು ಅವಕಾಶ ಕೊಟ್ಟಿದೆ. 2014ರದ್ದು ಪಕ್ಕದ ಶಿರಸಿಯಲ್ಲೇ ನಡೆದಿತ್ತು. ನನಗೆ ಇವುಗಳಲ್ಲಿ ತುಂಬ ಹಿಡಿಸುವುದು ಆ ಮಕ್ಕಳ ಪಾಲು. ಕೆರೆಯಿಂದ ಬಾಟಲಿ ತುಂಬಿ ಒಯ್ದವರ ವರದಿ ಆ ಕೆರೆಯ ಊರಿಗೆ ತಿರುಗಿ ಬರುವುದು ಅಪರೂಪ, ಬಂದರೂ ಇಂಗ್ಲಿಷಿನಲ್ಲಿರುತ್ತದೆ. ಊರ ಮಕ್ಕಳೇ ಅಳೆದರೆ ಸಂಖ್ಯೆ ಊರಲ್ಲೇ ಉಳಿಯುತ್ತದೆ. ಪಂಚಾಯ್ತಿ ಗೋಡೆಯಲ್ಲಿ ಕೂಲಿ ದರ ಬರೆಯುವ ಜಾಗದ ಪಕ್ಕ ನಾಲ್ಕು ಸಾಲು ಸಾಕು: ತಾರೀಖು, ತಟ್ಟೆ ಮರೆಯಾದ ಆಳ, ಬಣ್ಣ, ಗಸಿ ಕಂದೋ ಬಿಳಿಯೋ.

ಮಳೆ ನಿಂತು ಕೋಡಿ ಹರಿಯುವುದು ನಿಂತ ಮೇಲೆ ಶುರುಮಾಡುವುದು ಅನುಕೂಲ. ಊರಕೆರೆಗೆ ಐದು ಮೀಟರ್ ಹಗ್ಗ ಸಾಕು. ಸೂಪಾ ಹಿನ್ನೀರಿಗೆ ಹದಿನೈದು ಮೀಟರಿನದು ಇಟ್ಟುಕೊಳ್ಳಿ. ಅತ್ತಿವೇರಿಯಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಗೂಡುಮರಗಳಿಂದ ದೂರವೇ ಅಳೆಯಿರಿ. ದಾಂಡೇಲಿಯ ಮಕ್ಕಳು ಮಾತ್ರ ಕಾಳಿಯ ದಂಡೆಗೆ ಇಳಿಯುವುದು ಬೇಡ, ಅಲ್ಲಿ ಮೊಸಳೆಗಳಿವೆ. ಅವರಿಗೆ ಹಳಿಯಾಳದ ಕಡೆಯ ಕೆರೆಯೊಂದನ್ನು ಗೊತ್ತುಮಾಡಿಕೊಡುವ ಜವಾಬ್ದಾರಿ ಮೇಷ್ಟ್ರುಗಳದ್ದು.